ಸೀತಾಳೆ ದಂಡೆಯ ನೆಲೆ

ಮಲೆನಾಡಿನ ಪ್ರವಾಸ ಮುಗಿಸಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ವಿಚಾರಿಸಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಶೃಂಗೇರಿಯ ದೇವಾಲಯ, ಅಲ್ಲಿಯ ತುಂಗೆಯ ಮೀನುಗಳು, ಎಲ್ಲೋ ಒಂದು ಮನೆಯಲ್ಲಿ ಉಂಡ ಕಡುಬು. ಕಾಡಿನ ಮಾತು ಬಂದರೆ ‘ಓಹೋ, ಎಲ್ಲಿ ನೋಡಿದರೂ ಹಸಿರು!’ ಎಂಬಲ್ಲಿಗೆ ವರ್ಣನೆ ಮುಗಿಯುತ್ತದೆ. ಹಸಿರೆಂಬುದು ಒಂದು ಬಣ್ಣದ ಹೆಸರಾದರೂ ಆ ಹಸಿರಿನೊಳಗೆ ನೂರಾರು ಸಂಸಾರಗಳಿವೆ. ಅವುಗಳಲ್ಲಿ ಕೆಲವು ನೆಲವನ್ನೇ ಮುಟ್ಟದೆ ಬಾಳಿ ಹೋಗುತ್ತವೆ. ಅವನ್ನು ಕಾಣಬೇಕಾದರೆ ಕತ್ತೆತ್ತಬೇಕು. ಬಸ್ಸಿನ ಕಿಟಕಿಯೊಳಗಿಂದ ಕತ್ತೆತ್ತುವುದು ಕಷ್ಟ. ಆದುದರಿಂದಲೇ ಮೇ ತಿಂಗಳ ಕೊನೆಯಲ್ಲಿ ಹಳೆಯ ಮಾವು, ಹಲಸು, ಮತ್ತಿಯ ಕೊಂಬೆಗಳಿಂದ ಹೂವಿನ ಜಡೆಗಳು ಇಳಿಬಿದ್ದಿರುವಾಗಲೂ ಪ್ರವಾಸಿಗರಲ್ಲಿ ಬಹುಮಂದಿ ಅವನ್ನು ಕಾಣದೆಯೇ ಆ ಮರಗಳ ಅಡಿಯಲ್ಲಿ ಹಾದುಹೋಗುತ್ತಾರೆ.

ಆ ಜಡೆಗೆ ಮಲೆನಾಡಿನಲ್ಲಿ ಸೀತಾಳೆ ದಂಡೆ ಎಂದು ಹೆಸರು. ಸೀತೆದಂಡೆ ಎನ್ನುವವರೂ ಉಂಟು. ದಂಡೆಯೆಂದರೆ ಹೊಳೆಯ ದಡವೆಂದಷ್ಟೇ ಬಲ್ಲ ಪಟ್ಟಣಿಗರಿಗೆ ಒಂದು ಮಾತು ಹೇಳಬೇಕು. ಹೂವಿನ ಮಾಲೆ ಎಂಬ ಅರ್ಥವೂ ಆ ಪದಕ್ಕೆ ಹಳೆಯದೇ. ಮುಡಿಗೆ ಸುತ್ತಲೆಂದು ಕಟ್ಟಿದ ಮಾಲೆಯನ್ನು ಮಲೆನಾಡಿನ ಹೆಂಗಸರು ದಂಡೆಯೆಂದೇ ಕರೆಯುತ್ತಾರೆ. ವನವಾಸದ ಕಾಲದಲ್ಲಿ ಸೀತಾದೇವಿಗೆ ಮಲ್ಲಿಗೆ ಸಂಪಿಗೆಗಳನ್ನು ಕಟ್ಟಿಕೊಡುವವರು ಯಾರು? ಕಾಡೇ ಕಟ್ಟಿಕೊಟ್ಟಿತು. ನಾರಿಲ್ಲದೆ, ಬೆರಳಿಲ್ಲದೆ, ನೂರು ಹೂಗಳನ್ನು ಒಂದೇ ಎಳೆಗೆ ಪೋಣಿಸಿ ಕೊಂಬೆಯಿಂದ ಇಳಿಬಿಟ್ಟಿತು. ತೀರ್ಥಹಳ್ಳಿ ಸೀಮೆಯಲ್ಲಿಯೇ ಮೃಗವಧೆ ಎಂಬ ಊರಿದೆ. ಮಾಯಾಮೃಗವಾಗಿ ಬಂದ ಮಾರೀಚನನ್ನು ಶ್ರೀರಾಮನು ಕೊಂದುದು ಅಲ್ಲಿಯೇ ಎಂದು ಅಲ್ಲಿಯವರ ನಂಬಿಕೆ. ಜಿಂಕೆಯನ್ನು ಬೇಡಿದ ಸೀತೆ ಹೂವನ್ನೂ ಮುಡಿದಿರಬಾರದೇಕೆ?

ಸಸ್ಯಶಾಸ್ತ್ರಜ್ಞರ ಹಾಳೆಯಲ್ಲಿ ಇದೇ ಹೂವಿಗೆ ರಿಂಕೋಸ್ಟೈಲಿಸ್ ರೆಟ್ಯೂಸ ಎಂಬ ಹೆಸರಿದೆ. ಆರ್ಕಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ ಸಸ್ಯ. ಅಸ್ಸಾಮಿನಲ್ಲಿ ಇದನ್ನು ಕಪೌ ಫೂಲ್ ಎನ್ನುತ್ತಾರೆ. ಏಪ್ರಿಲ್ ತಿಂಗಳ ಬಿಹು ಹಬ್ಬದಲ್ಲಿ ಕುಣಿಯುವ ತರುಣಿಯರ ತುರುಬಿಗೆ ಇದೇ ಸಿಂಗಾರ. ಅಸ್ಸಾಂ, ಅರುಣಾಚಲ ಪ್ರದೇಶಗಳೆರಡೂ ಇದನ್ನು ತಮ್ಮ ರಾಜ್ಯಪುಷ್ಪವೆಂದು ಗೌರವಿಸಿವೆ. ಸಾವಿರಾರು ಮೈಲಿಗಳ ಅಂತರದಲ್ಲಿ, ಒಬ್ಬರ ಭಾಷೆಯನ್ನು ಇನ್ನೊಬ್ಬರು ಅರಿಯದ ಎರಡು ನಾಡಿನ ಹೆಣ್ಣುಮಕ್ಕಳಿಗೆ ಈ ಹೂವನ್ನು ಕಂಡೊಡನೆ ಮುಡಿಯ ನೆನಪೇ ಬಂದಿತೆಂಬುದು ಸೋಜಿಗದ ಸಂಗತಿ.

ತುಂಗೆಯ ಮಗ್ಗುಲಲ್ಲಿ

ಕಳೆದ ಬೇಸಗೆಯ ರಜೆಯಲ್ಲಿ ನಾವು ನಾಲ್ವರು ಈ ಹೂವನ್ನು ಅದರ ಮನೆಯಲ್ಲಿಯೇ ನೋಡಬೇಕೆಂದು ಹೊರಟೆವು. ನಾನು, ನನ್ನ ಮಡದಿ, ಹತ್ತು ವರ್ಷದ ಮಗಳು, ಹಾಗೂ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುವ ನನ್ನ ಮಿತ್ರರು. ಮಿತ್ರರ ಹೆಗಲಲ್ಲಿ ಒಂದು ದುರ್ಬೀನು, ಜೇಬಿನಲ್ಲಿ ಒಂದು ಭೂತಗನ್ನಡಿ. ನನ್ನ ಚೀಲದಲ್ಲಿ ಒಂದು ನಿಘಂಟು. ‘ಹೂ ನೋಡಲು ನಿಘಂಟೇಕೆ?’ ಎಂದು ನನ್ನಾಕೆ ನಕ್ಕಳು. ಅದು ಉಪಯೋಗಕ್ಕೆ ಬಂದ ಬಗೆಯನ್ನು ಮುಂದೆ ಹೇಳುತ್ತೇನೆ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಗಳು, ಮಂಡಗದ್ದೆಯಲ್ಲಿ ನದಿಯ ನಡುವಣ ಮರಗಳ ಮೇಲೆ ಸಂತೆ ನೆರೆಸುವ ಬೆಳ್ಳಕ್ಕಿಗಳು, ಹೀಗೆ ದಾರಿಯುದ್ದಕ್ಕೂ ತುಂಗೆ ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುತ್ತಾಳೆ. ತೀರ್ಥಹಳ್ಳಿಯನ್ನು ದಾಟಿ ಆಗುಂಬೆಯ ರಸ್ತೆಗೆ ತಿರುಗಿದ ಮೇಲೆ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಅಡಿಕೆಯ ತೋಟ, ಗದ್ದೆಯ ಬಯಲು, ಗದ್ದೆಯಂಚಿನಿಂದ ಒಮ್ಮೆಲೇ ಮೇಲೇಳುವ ಕಾಡು. ರಸ್ತೆಯ ಇಕ್ಕೆಲದ ಮರಗಳ ಮೈಮೇಲೆ ಪಾಚಿ. ಪಾಚಿಯ ಮೇಲೆ ಜರೀಗಿಡ. ಜರೀಗಿಡದ ನಡುವೆ ಅಲ್ಲಲ್ಲಿ ಪಟ್ಟಿಯಂತಹ ದಪ್ಪನೆಯ ಎಲೆಗಳ ಗೊಂಚಲು. ಒಂದೊಂದು ಮರವೂ ಒಂದೊಂದು ಊರು.

ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಪಶ್ಚಿಮಘಟ್ಟದ ಅಂಚಿನಲ್ಲೇ ಕುಳಿತಿದೆ. ಅಲ್ಲಿಂದ ಮುಂದೆ ರಸ್ತೆ 14 ತಿರುವುಗಳನ್ನು ಹಾದು ಕರಾವಳಿಗೆ ಇಳಿಯುತ್ತದೆ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳಿಗೆ ಇದೇ ಮೊದಲ ಗೋಡೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ನೀರಿಗೆ ಬರವಿಲ್ಲ, ಬೆಳಕಿಗೆ ಬರ. ದಟ್ಟವಾದ ಕಾಡಿನ ನೆಲಕ್ಕೆ ಬಿಸಿಲಿನ ಕಾಸಗಲದ ತುಣುಕುಗಳು ಮಾತ್ರ ಇಳಿಯುತ್ತವೆ. ಬೆಳಕು ಬೇಕಾದ ಸಣ್ಣ ಸಸ್ಯ ಏನು ಮಾಡಬೇಕು? ನೂರಡಿಯ ಕಾಂಡವನ್ನು ಬೆಳೆಸುವ ಶಕ್ತಿ ಅದಕ್ಕಿಲ್ಲ. ಬೆಳೆದವರ ಹೆಗಲೇರುವುದೊಂದೇ ದಾರಿ. ಭಾರತದ ಸಸ್ಯ ಸರ್ವೇಕ್ಷಣಾ ಇಲಾಖೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ದೇಶದ ಆರ್ಕಿಡ್‌ಗಳ ಸಂಖ್ಯೆ 1,256. ಅವುಗಳಲ್ಲಿ ನೂರಕ್ಕೆ ಸುಮಾರು 60 ಹೀಗೆ ಮರವಾಸಿಗಳೇ.

ಒಂದು ಮರ, ಎರಡು ವಾದ

ನಾವು ತಂಗಿದ್ದು ಆಗುಂಬೆಯ ಈಚೆಗಿನ ಒಂದು ಹಳ್ಳಿಯಲ್ಲಿ, ಮಿತ್ರರಿಗೆ ಪರಿಚಿತರಾದ ಗೌಡರೊಬ್ಬರ ಮನೆಯಲ್ಲಿ. ನಾಲ್ಕಂಕಣದ ಹೆಂಚಿನ ಮನೆ. ಮುಂದೆ ಅಂಗಳ, ಹಿಂದೆ ತೋಟ, ತೋಟದ ಕೆಳಗೆ ಹಳ್ಳ. ಹಳ್ಳದ ದಡದಲ್ಲಿ ಒಂದು ಅಪ್ಪೆಮಿಡಿಯ ಮರ. ಉಪ್ಪಿನಕಾಯಿಯ ರುಚಿ ಬಲ್ಲವರಿಗೆ ಅಪ್ಪೆಮಿಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊಳೆ ಹಳ್ಳಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಈ ಕಾಡುಮಾವಿನ ಎಳೆಯ ಮಿಡಿಗೆ ಬರುವ ಪರಿಮಳ ಮತ್ತಾವ ಮಾವಿಗೂ ಬಾರದು. ಗೌಡರ ಮರಕ್ಕೆ ಅವರ ಅಜ್ಜನ ಕಾಲದ ವಯಸ್ಸು. ಆ ಮರದ ಮಿಡಿಯಿಂದಲೇ ಮನೆಯ ಎಷ್ಟೋ ಖರ್ಚು ನಡೆಯುತ್ತಿದ್ದಿತಂತೆ.

‘ಮೂರು ವರ್ಷ ಆಯ್ತು ಮೇಷ್ಟ್ರೇ, ಮಿಡಿ ಕಡಿಮೆ ಆಗ್ತಾ ಬಂತು’ ಎಂದರು ಗೌಡರು, ಕಾಫಿಯ ಲೋಟವನ್ನು ಕೈಗಿಡುತ್ತಾ. ‘ಮರದ ಮೈ ತುಂಬ ಬಂದಳಿಕೆ ಹತ್ತಿದೆ. ನಾಳೆ ಬೆಳಿಗ್ಗೆ ಆಳು ಬರ್ತಾನೆ. ಮಳೆ ಹಿಡಿಯೋದರೊಳಗೆ ಎಲ್ಲಾ ಹೆರೆದು ತೆಗೆಸಿಬಿಡ್ತೀನಿ.’

ಜಗಲಿಯ ಕಂಬಕ್ಕೊರಗಿ ಅಡಿಕೆ ಕತ್ತರಿಸುತ್ತಿದ್ದ ಅವರ ತಾಯಿ ತಲೆಯೆತ್ತದೆ ನುಡಿದರು: ‘ಬಂದಳಿಕೆ ಕಡಿ, ಬೇಡ ಅನ್ನಲ್ಲ. ದಂಡೆ ಮುಟ್ಟಬೇಡ ಅಂತ ಹೇಳಿದೀನಿ.’

‘ಅಮ್ಮಾ, ಎರಡೂ ಒಂದೇ. ಮರದ ರಸ ಕುಡಿಯೋದೇ ಅವುಗಳ ಕಸುಬು. ಮರ ಒಣಗಿದ ಮೇಲೆ ನಿನ್ನ ದಂಡೆ ಎಲ್ಲಿರ್ತದೆ?’

‘ನಾನು ಈ ಮನೆಗೆ ಬಂದಾಗ ಆ ದಂಡೆ ಅಲ್ಲೇ ಇತ್ತು. ಮರವೂ ಇತ್ತು. ಅರವತ್ತು ವರ್ಷ ಕುಡಿದರೂ ಮುಗಿಯದ ರಸ ಯಾವುದಪ್ಪ ಅದು?’

ಗೌಡರು ನಿರುತ್ತರರಾಗಿ ನಮ್ಮ ಕಡೆ ನೋಡಿದರು. ತಾಯಿಯದು ಭಕ್ತಿಯ ಮಾತು, ಮಗನದು ವ್ಯವಹಾರದ ಮಾತು ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ವಾಸ್ತವವಾಗಿ ಇಬ್ಬರಲ್ಲಿಯೂ ಇದ್ದದ್ದು ಅದೇ ಮರದ ಚಿಂತೆ. ಬೆಳಗಾಗುವುದರೊಳಗೆ ತೀರ್ಮಾನವಾಗಬೇಕಾದ ಪ್ರಶ್ನೆ ಇಷ್ಟೇ: ಮರದ ಮೇಲಿರುವ ಯಾವುದು ಕಳ್ಳ, ಯಾವುದು ಬರಿಯ ಬಿಡಾರದವನು?

‘ಕತ್ತಲಾಗೋದಕ್ಕೆ ಇನ್ನೂ ಒಂದು ಗಂಟೆ ಇದೆ. ಮರದ ಹತ್ತಿರವೇ ಹೋಗೋಣ’ ಎಂದು ಮಿತ್ರರು ಎದ್ದರು.

ಗುರುತು ಹಿಡಿಯುವ ಬಗೆ

ಮರವನ್ನು ನೋಡಿದೊಡನೆ ಗೌಡರ ಗೊಂದಲ ಅಕಾರಣವಲ್ಲವೆಂದು ತಿಳಿಯಿತು. ಒಂದೇ ಕೊಂಬೆಯ ಮೇಲೆ ಮೂರು ನಾಲ್ಕು ಬಗೆಯ ಹಸಿರು. ಮಾವಿನದೇ ಎಲೆ, ಬಂದಳಿಕೆಯ ಎಲೆ, ಜರೀಗಿಡ, ದಂಡೆಯ ಗಿಡ ಎಲ್ಲವೂ ಹೆಣೆದುಕೊಂಡಿದ್ದವು. ಮಿತ್ರರು ದುರ್ಬೀನನ್ನು ಮೊದಲು ಗೌಡರ ಕೈಗೇ ಕೊಟ್ಟರು.

‘ಎಲೆ ನೋಡಬೇಡಿ, ಗೌಡರೇ. ಗಿಡವು ಮರವನ್ನು ಹಿಡಿದಿರುವ ಜಾಗ ನೋಡಿ.’

ಇದೇ ಮೊದಲ ಪರೀಕ್ಷೆ, ಮತ್ತು ಬಹುಮಟ್ಟಿಗೆ ಕೊನೆಯದೂ ಇದೇ. ಬಂದಳಿಕೆಯು ಹಿಡಿದ ಕಡೆ ಮಾವಿನ ಕೊಂಬೆ ಗಂಟುಗಂಟಾಗಿ ಊದಿಕೊಂಡಿರುತ್ತದೆ. ಬಂದಳಿಕೆಯ ಹಣ್ಣಿನ ಅಂಟಾದ ತಿರುಳನ್ನು ತಿನ್ನುವ ಪುಟ್ಟ ಹಕ್ಕಿಗಳು ಬೀಜವನ್ನು ಕೊಂಬೆಗೆ ಮೆತ್ತಿ ಹೋಗುತ್ತವೆ. ಬೀಜ ಮೊಳೆತು, ತೊಗಟೆಯನ್ನು ಕೊರೆದು, ಒಳಗಿನ ಮರದಲ್ಲಿ ನೀರು ಹರಿಯುವ ನಾಳಗಳಿಗೇ ತನ್ನ ನಾಳವನ್ನು ಜೋಡಿಸುತ್ತದೆ. ಹೊರಗಿನಿಂದ ನೋಡಿದರೆ ಒಂದು ಮರದ ಕೊಂಬೆಯಿಂದ ಇನ್ನೊಂದು ಜಾತಿಯ ಕೊಂಬೆ ಹುಟ್ಟಿದಂತೆ ಕಾಣುತ್ತದೆ. ಆ ಗಂಟಿನಿಂದಾಚೆಗೆ ಮಾವಿನ ಕೊಂಬೆ ಬಡವಾಗಿ, ತುದಿಯಲ್ಲಿ ಒಣಗುತ್ತಾ ಬರುತ್ತದೆ. ಬಂದಳಿಕೆಗೆ ತನ್ನದೇ ಹಸಿರೆಲೆಯಿದ್ದು ಅಡಿಗೆಯನ್ನು ತಾನೇ ಮಾಡಿಕೊಂಡರೂ ನೀರು ಮತ್ತು ಲವಣಗಳನ್ನು ನೆರೆಮನೆಯಿಂದ ಕದ್ದೇ ತರುತ್ತದೆ.

ದಂಡೆಯ ಗಿಡದ ರೀತಿಯೇ ಬೇರೆ. ಕಿರುಬೆರಳಿನಷ್ಟು ದಪ್ಪನೆಯ ಬೂದು ಬಿಳುಪಿನ ಬೇರುಗಳು ತೊಗಟೆಯ ಮೇಲೆ ಹಾವಿನಂತೆ ಹರಿದು ಅಂಟಿಕೊಂಡಿರುತ್ತವೆ. ಕೆಲವು ಗಾಳಿಯಲ್ಲಿ ಜೋತಾಡುತ್ತವೆ. ಒಂದೂ ತೊಗಟೆಯೊಳಗೆ ಇಳಿಯುವುದಿಲ್ಲ. ಕೈಗೆಟುಕುವ ಕೊಂಬೆಯೊಂದರಲ್ಲಿ ಅಂತಹ ಬೇರಿತ್ತು. ಮಿತ್ರರು ನನ್ನ ಮಗಳನ್ನು ಕರೆದು ಅದರ ಮೇಲೆ ಹಳ್ಳದ ನೀರನ್ನು ಚಿಮುಕಿಸುವಂತೆ ಹೇಳಿದರು. ನೋಡುತ್ತಿದ್ದಂತೆ ಬಿಳಿಯ ಬೇರು ಹಸಿರಾಯಿತು! ಹುಡುಗಿ ಚಪ್ಪಾಳೆ ತಟ್ಟಿದಳು. ಈ ಬೇರಿನ ಹೊರಮೈ ಒಣಗಿದ ಬರಿದಾದ ಕೋಶಗಳ ಒಂದು ಸ್ಪಂಜು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತಾಗಿದೊಡನೆ ಅದನ್ನು ಹೀರಿ ಪಾರದರ್ಶಕವಾಗುತ್ತದೆ. ಆಗ ಒಳಗಿನ ಹಸಿರು ಹೊರಗೆ ತೋರುತ್ತದೆ. ಮಳೆ ಮಂಜುಗಳ ನೀರು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಧೂಳು, ಹಕ್ಕಿಯ ಹಿಕ್ಕೆ, ಇಷ್ಟೇ ಇದರ ಆಹಾರ. ಮರದಿಂದ ಬೇಕಾದದ್ದು ನಿಲ್ಲಲು ಜಾಗ ಮಾತ್ರ.

ಗೌಡರು ದುರ್ಬೀನನ್ನು ಕೊಂಬೆಯಿಂದ ಕೊಂಬೆಗೆ ಹೊರಳಿಸುತ್ತಾ ಬಹಳ ಹೊತ್ತು ಮೌನವಾಗಿದ್ದರು. ಅನಂತರ, ‘ಗಂಟು ಇರೋದೆಲ್ಲ ಬಂದಳಿಕೆಯ ಬುಡದಲ್ಲೇ ಇದೆ, ಹೌದು’ ಎಂದರು.

ಇಲ್ಲಿಯೇ ನನ್ನ ನಿಘಂಟಿಗೆ ಕೆಲಸ ಬಂದದ್ದು. ಈ ಗೊಂದಲ ಗೌಡರೊಬ್ಬರದೇ ಅಲ್ಲ. ಅಮರಕೋಶದ ವನೌಷಧಿವರ್ಗದಲ್ಲಿ ವಂದಾ, ವೃಕ್ಷಾದನೀ, ವೃಕ್ಷರುಹಾ, ಜೀವಂತಿಕಾ ಎಂಬ ನಾಲ್ಕು ಪದಗಳು ಒಂದೇ ಅರ್ಥದಲ್ಲಿ ಸಾಲಾಗಿ ನಿಂತಿವೆ. ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು. ವೃಕ್ಷರುಹಾ ಎಂದರೆ ಮರದ ಮೇಲೆ ಬೆಳೆಯುವುದು. ತಿನ್ನುವವನಿಗೂ ನಿಲ್ಲುವವನಿಗೂ ಕೋಶಕಾರ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾನೆ. ಇದೇ ವಂದಾ ಎಂಬ ಪದವನ್ನು ಸರ್ ವಿಲಿಯಂ ಜೋನ್ಸ್ ಒಂದು ಆರ್ಕಿಡ್‌ಗೆ ಹೆಸರಾಗಿ ಬಳಸಿದರು. ಅವರ ಬರಹ 1795ರಲ್ಲಿ ಅಚ್ಚಾಯಿತು. ಅಂದಿನಿಂದ ಜಗತ್ತಿನ ಸಸ್ಯಶಾಸ್ತ್ರದಲ್ಲಿ ಆರ್ಕಿಡ್‌ಗಳ ಒಂದು ಕುಲಕ್ಕೆ ವಂದಾ ಎಂಬ ಸಂಸ್ಕೃತ ನಾಮವೇ ನಿಂತಿದೆ. ನಮ್ಮ ಕನ್ನಡದಲ್ಲಿಯೂ ಕೆಲವೆಡೆ ಆ ವಂದಾ ಆರ್ಕಿಡ್‌ಗೂ ರಸಹೀರುವ ಬಂದಳಿಕೆಗೂ ಒಂದೇ ಹೆಸರು ಸಲ್ಲುತ್ತದೆ. ಹೆಸರು ಒಂದಾದರೆ ಶಿಕ್ಷೆಯೂ ಒಂದೇ ಆಗುವುದು ಸಹಜ.

ಹೂವಿನ ಮುಖ

ಕಳ್ಳನಲ್ಲವೆಂದು ತಿಳಿದ ಮೇಲೆ ಇವನು ಯಾರೆಂದು ತಿಳಿಯಬೇಕಷ್ಟೆ. ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆಯನ್ನು ಹೋಲುವ ದಾಯಾದಿಗಳು ಹಲವರಿದ್ದಾರೆ. ಎಲೆಯನ್ನು ಮಾತ್ರ ನಂಬಿದರೆ ಗುರುತು ತಪ್ಪುತ್ತದೆ. ದಂಡೆಯ ಎಲೆ ಪಟ್ಟಿಯಂತೆ ಉದ್ದ, ದಪ್ಪ, ನಡುವೆ ದೋಣಿಯಂತೆ ಹಳ್ಳ; ಕಾಂಡದ ಎರಡೂ ಪಕ್ಕಕ್ಕೆ ಬೀಸಣಿಗೆಯಂತೆ ಜೋಡಿಸಿರುತ್ತದೆ. ತುದಿಯಲ್ಲಿ ಕತ್ತರಿಯಿಂದ ಕಚ್ಚು ಹಾಕಿದಂತೆ ಓರೆಯಾದ ಸೀಳು. ರೆಟ್ಯೂಸ ಎಂಬ ಲ್ಯಾಟಿನ್ ವಿಶೇಷಣ ಮೊಂಡಾದ, ಕಚ್ಚುಳ್ಳ ತುದಿಯನ್ನೇ ಸೂಚಿಸುತ್ತದೆ. ಆದರೆ ಏರಿಡಿಸ್ ಎಂಬ ಕುಲದ ಆರ್ಕಿಡ್‌ಗಳಲ್ಲಿಯೂ ಎಲೆಯ ತುದಿ ಹೀಗೆಯೇ ಸೀಳಿರುತ್ತದೆ. ಹೂವು ಬಂದ ಮೇಲೆಯೇ ಸಂಶಯ ಪರಿಹಾರ.

ಆ ಸಂಜೆ ಮರದ ಮೇಲೆ ಏಳೆಂಟು ದಂಡೆಗಳು ಅರಳಿದ್ದವು. ಹೆಚ್ಚು ಕಡಿಮೆ ಒಂದು ಮೊಳದ ಜಡೆ, ಗುಂಡಗೆ, ಒತ್ತೊತ್ತಾಗಿ, ನೇರವಾಗಿ ಕೆಳಗೆ ತೂಗುತ್ತದೆ. ಒಂದೊಂದರಲ್ಲಿ ನೂರಕ್ಕೂ ಮಿಕ್ಕಿ ಹೂಗಳು. ಬಿಡಿ ಹೂವು ಎರಡು ಸೆಂಟಿಮೀಟರಿನಷ್ಟು. ಬಿಳಿಯ ದಳಗಳ ಮೇಲೆ ನಸುನೇರಳೆಯ ಚುಕ್ಕೆಗಳು. ಮುಂದಿನ ತುಟಿಯಂತಹ ದಳ ಮಾತ್ರ ಗಾಢವಾದ ನೇರಳೆಗೆಂಪು. ಈ ತುಟಿಯೇ ಆರ್ಕಿಡ್‌ನ ಮುಖಮುದ್ರೆ. ಸೀತಾಳೆ ದಂಡೆಯಲ್ಲಿ ತುಟಿ ಸೀಳಿಲ್ಲದ ಒಂದೇ ಹಾಳೆ. ಅದರ ಬುಡದಲ್ಲಿ ಪಕ್ಕಗಳಿಂದ ಅದುಮಿದಂತಹ ಚೀಲವೊಂದು ಹಿಂದಕ್ಕೆ ಬಾಗಿದೆ. ಏರಿಡಿಸ್‌ನ ಹೂಗಳಲ್ಲಾದರೋ ತುಟಿ ಮೂರು ಹೋಳಾಗಿ, ಬುಡದ ಕೊಂಬು ಮುಂದಕ್ಕೆ ಡೊಂಕಾಗಿ ಬರುತ್ತದೆ. ಗೊಂಚಲಿನಲ್ಲಿ ಹೂಗಳೂ ಬಿಡಿಬಿಡಿಯಾಗಿರುತ್ತವೆ. ಬಯಲುಸೀಮೆಯ ಮರಗಳಲ್ಲಿಯೂ ಕಾಣುವ ವಂದಾದ ಹೂಗಳು ಕೆಲವೇ. ಅವು ಜೋಲದೆ ಸೆಟೆದು ನಿಲ್ಲುತ್ತವೆ, ಮೈಮೇಲೆ ಕಂದುಬಣ್ಣದ ಚೌಕಳಿಯ ನೇಯ್ಗೆ. ಹೀಗೆ ಜಡೆಯ ತೂಗು, ಹೂವಿನ ಒತ್ತು, ತುಟಿಯ ಚೀಲ, ಈ ಮೂರನ್ನು ನೋಡಿದವರಿಗೆ ಸೀತಾಳೆ ದಂಡೆಯ ಗುರುತು ತಪ್ಪಲಾರದು. ಹೂವಿನ ನಡುವಣ ಸ್ತಂಭ ಹಕ್ಕಿಯ ಕೊಕ್ಕಿನಂತಿರುವುದರಿಂದಲೇ ಕೊಕ್ಕು, ಸ್ತಂಭ ಎಂಬ ಗ್ರೀಕ್ ಪದಗಳನ್ನು ಕೂಡಿಸಿ ಬ್ಲೂಮೆ ಎಂಬ ವಿದ್ವಾಂಸರು 1825ರಲ್ಲಿ ರಿಂಕೋಸ್ಟೈಲಿಸ್ ಎಂಬ ಕುಲನಾಮವನ್ನು ರಚಿಸಿದರು.

ಅವರಿಗಿಂತಲೂ ಬಹು ಹಿಂದೆ ಈ ಹೂವಿಗೆ ಅಚ್ಚಿನಲ್ಲಿ ಸ್ಥಾನ ದೊರಕಿಸಿದವರು ಮಲೆಯಾಳದ ವೈದ್ಯರು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ನೆರವಿನಿಂದ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದ. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಕೊನೆಯ ಸಂಪುಟದಲ್ಲಿ ನಮ್ಮ ದಂಡೆಯ ಚಿತ್ರವಿದೆ. ಹೆಸರು ಆಂಜಿಲಿ ಮರವಾಳ. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು. ಮರವಾಳ ಎಂದರೆ ಮರಬಾಳೆ. ಅದೇ ಸಂಪುಟದಲ್ಲಿ ಕಾಸರಕದ ಮರದ ಹೆಸರು ಹೊತ್ತ ಇನ್ನೊಂದು ಮರಬಾಳೆಯೂ ಇದೆ. ಗಿಡವನ್ನು ಅದು ನಿಂತ ಮರದ ಹೆಸರಿನಿಂದಲೇ ಕರೆಯುವ ಈ ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. 1753ರಲ್ಲಿ ಲಿನೇಯಸ್ ಈ ಸಸ್ಯಕ್ಕೆ ಲ್ಯಾಟಿನ್ ಹೆಸರಿಟ್ಟಾಗ ಮುಂದಿಟ್ಟುಕೊಂಡಿದ್ದು ಇದೇ ಚಿತ್ರವನ್ನು.

ನೆಲೆಯೆಂದರೆ ಏನು?

ಮರುದಿನ ಮುಂಜಾನೆ, ಆಳು ಬರುವುದಕ್ಕೆ ಮೊದಲು, ಮಿತ್ರರು ನಮ್ಮನ್ನು ಹಳ್ಳದಾಚೆಯ ಕಾಡಿಗೆ ಕರೆದೊಯ್ದರು. ದಂಡೆ ಯಾವ ಮರದಲ್ಲಿದೆ, ಯಾವುದರಲ್ಲಿಲ್ಲ ಎಂದು ಮಗಳು ಲೆಕ್ಕ ಹಾಕಬೇಕು. ಮೊಸಳೆಯ ಚರ್ಮದಂತೆ ಬಿರುಕು ಬಿಟ್ಟ ತೊಗಟೆಯ ಮತ್ತಿಯ ಮೇಲೆ ಇತ್ತು. ಮಾವು, ಹಲಸುಗಳ ಮೇಲೆ ಇತ್ತು. ಪಕ್ಕದಲ್ಲೇ ನಿಂತಿದ್ದ ನಂದಿಯ ಮೇಲೆ ಒಂದೂ ಇಲ್ಲ. ನಂದಿಯ ತೊಗಟೆ ನುಣುಪು. ವರ್ಷವರ್ಷವೂ ಸಿಪ್ಪೆಯಾಗಿ ಸುಲಿದು ಬೀಳುತ್ತದೆ. ಜಾರುವ ಗೋಡೆಯ ಮೇಲೆ ಯಾರು ಮನೆ ಕಟ್ಟುತ್ತಾರೆ? ಮರ ಹಳೆಯದಾಗಿರಬೇಕು, ತೊಗಟೆ ಒರಟಾಗಿ ನಿಲ್ಲುವಂತಿರಬೇಕು, ಕೊಂಬೆಗೆ ಚದುರಿದ ಬಿಸಿಲು ಬೀಳಬೇಕು, ಗಾಳಿಯಾಡಬೇಕು, ಕೆಳಗೆ ಎಲ್ಲಿಯೋ ನೀರಿನ ತಂಪಿರಬೇಕು. ಕಗ್ಗತ್ತಲಿನ ಕಾಡಿನ ನಡುವಿಗಿಂತ ಕಾಡಿನ ಅಂಚು, ಹಳ್ಳದ ದಡ, ರಸ್ತೆಯ ಬದಿಯ ಹಳೆಯ ಮರಗಳು ದಂಡೆಗೆ ಹೆಚ್ಚು ಪ್ರಿಯ. ಎಂದರೆ ಮನುಷ್ಯನ ಕತ್ತಿಗೆ ಮೊದಲು ಸಿಕ್ಕುವ ಮರಗಳೇ ಅದರ ಮನೆ.

ಇಷ್ಟೇ ಆಗಿದ್ದರೆ ಒಂದು ಮರ ಹೋದರೆ ಇನ್ನೊಂದೆಂದು ಸಮಾಧಾನಪಡಬಹುದಿತ್ತು. ಆದರೆ ಆರ್ಕಿಡ್‌ನ ಬೀಜ ಧೂಳಿನಂತೆ. ಒಂದು ಕಾಯಿಯಲ್ಲಿ ಅಸಂಖ್ಯವಾಗಿರುತ್ತದೆ. ಉಫ್ ಎಂದರೆ ಹಾರುತ್ತದೆ. ಹಗುರವಾಗಲೆಂದು ಬುತ್ತಿಯನ್ನೇ ಕಟ್ಟಿಕೊಳ್ಳದೆ ಹೊರಟ ಪ್ರಯಾಣಿಕನದು. ಅವರೆಯ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರ ತುಂಬಿರುವಂತೆ ಇದರಲ್ಲಿ ಏನೂ ಇಲ್ಲ. ಬಿದ್ದ ಜಾಗದಲ್ಲಿ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವಿದ್ದು, ಅದು ಬೀಜದೊಳಗೆ ಹೊಕ್ಕು ಉಣಬಡಿಸಿದರೆ ಮಾತ್ರ ಮೊಳೆಯುತ್ತದೆ. 1899ರಲ್ಲಿ ನೋಯೆಲ್ ಬರ್ನಾರ್ ಎಂಬ ಫ್ರೆಂಚ್ ತರುಣ ವಿಜ್ಞಾನಿ ಈ ಗುಟ್ಟನ್ನು ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಎಂಬವರು ಸಕ್ಕರೆ ಬೆರೆಸಿದ ಪಾಕದಲ್ಲಿ, ಶಿಲೀಂಧ್ರದ ಹಂಗಿಲ್ಲದೆ, ಗಾಜಿನ ಬುದ್ದಲಿಯೊಳಗೆ ಬೀಜ ಮೊಳೆಯಿಸುವ ವಿಧಾನವನ್ನು ತೋರಿಸಿಕೊಟ್ಟರು. ಪ್ರಯೋಗಶಾಲೆಯಲ್ಲಿ ಅದು ಸಾಧ್ಯ. ಕಾಡಿನಲ್ಲಿ ಸಾವಿರಾರು ಬೀಜಗಳಲ್ಲಿ ಎಲ್ಲೋ ಒಂದಕ್ಕೆ ಆ ಭಾಗ್ಯ. ಮೊಳೆತದ್ದು ಹೂ ಬಿಡಲು ಮತ್ತೆ ಹಲವು ವರ್ಷ. ಗೌಡರ ತಾಯಿ ಹೇಳಿದ ಅರವತ್ತು ವರ್ಷದ ಲೆಕ್ಕಕ್ಕೆ ಆ ಬೆಳಿಗ್ಗೆ ನನಗೆ ಅರ್ಥ ತಿಳಿಯಿತು. ಹಳೆಯ ಮರವೆಂದರೆ ಮರವೊಂದೇ ಅಲ್ಲ. ಆ ತೊಗಟೆಯ ಮೇಲೆ ವರ್ಷಾನುವರ್ಷ ಕೂಡಿದ ಪಾಚಿ, ಧೂಳು, ಶಿಲೀಂಧ್ರಗಳೆಲ್ಲ ಸೇರಿ ನೆಲೆ.

ಕತ್ತಿಯ ಲೆಕ್ಕ

ಎಂಟು ಗಂಟೆಗೆ ಆಳು ಬಂದ. ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಹಗ್ಗ. ಗೌಡರು ಮರದಡಿಯಲ್ಲಿ ನಿಂತು ಆಜ್ಞೆ ಮಾಡಿದರು: ‘ಗಂಟು ಇದ್ದಲ್ಲಿ ಮಾತ್ರ ಕತ್ತಿ ಹಾಕು. ಬಿಳಿ ಬೇರು ಕಂಡರೆ ಮುಟ್ಟಬೇಡ.’ ಅವನು ಮೇಲೇರಿ ನಕ್ಕು, ‘ಅದು ನನಗೆ ಗೊತ್ತಲ್ಲ ಒಡೆಯಾ. ಎಲ್ಲಾ ಹೆರಿ ಅಂದವರು ನೀವೇ’ ಎಂದ.

ಬಂದಳಿಕೆಯನ್ನು ಕೊಂಬೆಯ ಮಟ್ಟಕ್ಕೆ ಕಿತ್ತರೆ ಸಾಲದು; ತೊಗಟೆಯೊಳಗಿನ ಬುಡದಿಂದ ಮತ್ತೆ ಚಿಗುರುತ್ತದೆ. ಗಂಟಿನ ಹಿಂದಕ್ಕೆ, ಆರೋಗ್ಯವಾದ ಮರ ಕಾಣುವವರೆಗೆ ಕೊಂಬೆಯನ್ನೇ ಕತ್ತರಿಸಬೇಕು. ಹೀಗೆ ಕತ್ತರಿಸುತ್ತಾ ಹೋದಂತೆ ಒಂದು ಕಡೆ ಕೆಲಸ ನಿಂತಿತು. ಹಳ್ಳದ ಮೇಲೆ ಚಾಚಿದ ದೊಡ್ಡ ಕೊಂಬೆಯ ನಡುವೆ ಮೂರು ಗಂಟುಗಳು. ಅವುಗಳಾಚೆಗೆ ಕೊಂಬೆ ಅರ್ಧ ಒಣಗಿತ್ತು. ಅದೇ ತುದಿಯಲ್ಲಿತ್ತು ಎಲ್ಲಕ್ಕಿಂತ ದೊಡ್ಡ ದಂಡೆ, ಮೂರು ಜಡೆಗಳನ್ನು ಇಳಿಬಿಟ್ಟುಕೊಂಡು. ಕೊಂಬೆಯನ್ನು ಉಳಿಸಿದರೆ ಬಂದಳಿಕೆ ಮರವೆಲ್ಲ ಹರಡುತ್ತದೆ. ಕತ್ತರಿಸಿದರೆ ದಂಡೆ ಹೋಗುತ್ತದೆ.

ಯಾರೂ ಮಾತಾಡಲಿಲ್ಲ. ಕೊನೆಗೆ ಮುದುಕಿಯೇ ಅಂದರು: ‘ಕಡಿ. ಆದರೆ ಬೀಳಿಸಬೇಡ, ಇಳಿಸು.’

ಕೊಂಬೆಗೆ ಹಗ್ಗ ಬಿಗಿದು, ಇನ್ನೊಂದು ಕವಲಿನ ಮೇಲೆ ಹಾಯಿಸಿ, ನಾವು ಮೂವರು ಗಂಡಸರು ಕೆಳಗಿನಿಂದ ಹಿಡಿದೆವು. ಕೊಂಬೆ ನಿಧಾನವಾಗಿ ಇಳಿಯಿತು. ದಂಡೆಯ ಬೇರುಗಳನ್ನು ತೊಗಟೆಯಿಂದ ಬಿಡಿಸದೆ, ಆ ತೊಗಟೆಯ ತುಂಡಿನೊಡನೆಯೇ ತೆಗೆದು, ಅಂಗಳದಂಚಿನ ಹಲಸಿನ ಕವಲಿಗೆ ಬಾಳೆಯ ನಾರಿನಿಂದ ಕಟ್ಟಿದೆವು. ಮಳೆಗಾಲದ ತಿಂಗಳುಗಳಲ್ಲಿ ಹೊಸಬೇರು ಬಿಟ್ಟು ಹಿಡಿದುಕೊಂಡರೆ ಅದು ಬದುಕುತ್ತದೆ. ಬಿಗಿಯಾಗಿ ಕಟ್ಟಬೇಕು, ಆದರೆ ಬೇರಿಗೆ ಮಣ್ಣು ಮೆತ್ತಬಾರದು ಎಂದು ಮಿತ್ರರು ಎಚ್ಚರಿಸಿದರು.

‘ಇನ್ನು ಮಿಡಿ ಹೆಚ್ಚಾಗ್ತದೋ?’ ಎಂದು ಗೌಡರು ಕೇಳಿದರು.

‘ಬಂದಳಿಕೆ ಹೋದ ಕೊಂಬೆಗೆ ಬಲ ಬರುತ್ತದೆ. ಹೂಬಿಡುವ ಹೊತ್ತಿನ ಮಂಜು, ಮಳೆ ನಮ್ಮ ಕೈಲಿಲ್ಲ. ಆದರೆ ದಂಡೆಯಿಂದ ನಿಮಗೆ ಒಂದು ಮಿಡಿಯ ನಷ್ಟವೂ ಇಲ್ಲ.’

ಗೌಡರು ತಲೆಯಾಡಿಸಿ, ‘ಪೇಟೆಯಿಂದ ಕಾರಿನಲ್ಲಿ ಬಂದವರು ಹೋದ ವರ್ಷ ಈ ಗಿಡಕ್ಕೆ ದುಡ್ಡು ಕೊಡ್ತೀವಿ ಅಂದಿದ್ರು. ಹುಡುಗರು ಕಾಡಿನಿಂದ ಕಿತ್ತು ಕೊಟ್ಟೂ ಇದ್ದಾರೆ’ ಎಂದರು. ಹೀಗೆ ಕಿತ್ತ ಗಿಡಗಳ ಗತಿಯನ್ನು ಊಹಿಸುವುದು ಕಷ್ಟವಲ್ಲ. ಮಣ್ಣಿನ ಕುಂಡದಲ್ಲಿ ನೆಟ್ಟು, ದಿನವೂ ನೀರು ಹೊಯ್ದು, ಬೇರು ಕೊಳೆತ ಮೇಲೆ ಎಸೆಯುತ್ತಾರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಂತೆ ಇಡೀ ಆರ್ಕಿಡ್ ಕುಟುಂಬದ ಸಾಗಾಟ ನಿಯಂತ್ರಣಕ್ಕೊಳಪಟ್ಟಿದೆ. ಮನೆಯಲ್ಲಿ ಬೆಳೆಸಬೇಕೆನ್ನುವವರಿಗೆ ಪ್ರಯೋಗಶಾಲೆಯ ಬುದ್ದಲಿಯಲ್ಲಿ ಬೆಳೆದ ಆರ್ಕಿಡ್ ಸಸಿಗಳು ಇಂದು ದೊರೆಯುತ್ತವೆ.

ಮಧ್ಯಾಹ್ನ ಊಟದ ಎಲೆಗೆ ಆ ಮರದ್ದೇ ಮಿಡಿ ಉಪ್ಪಿನಕಾಯಿ ಬಂತು. ಇಳಿಸುವಾಗ ಮುರಿದ ಒಂದು ಜಡೆಯನ್ನು ಮುದುಕಿ ಎತ್ತಿಟ್ಟಿದ್ದರು. ಅದನ್ನು ನನ್ನ ಮಗಳ ಮುಡಿಗೆ ಸುತ್ತಿ, ‘ಬಿದ್ದದ್ದು ಮುಡಿಯಬಹುದು, ಮಗಾ. ಕಿತ್ತು ಮುಡಿಯಬಾರದು’ ಎಂದರು.

ನೋಡಬೇಕೆಂದಿರುವ ವಾಚಕರಿಗೆ ಒಂದೆರಡು ಸೂಚನೆ. ಮೇ ಕೊನೆಯ ವಾರದಿಂದ ಜೂನ್ ನಡುವಿನವರೆಗೆ, ಮೊದಲ ಮಳೆಯ ಆಸುಪಾಸಿನಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವವರು ಎಲ್ಲಾದರೂ ಹಳೆಯ ಮಾವಿನ ಸಾಲು ಕಂಡಲ್ಲಿ ಇಳಿದು ಒಂದು ಫರ್ಲಾಂಗು ನಡೆಯಿರಿ. ಬೆಳಗಿನ ಹೊತ್ತು ಉತ್ತಮ. ದುರ್ಬೀನಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣೇ ಸಾಕು. ದಂಡೆ ಅರಳಿ ನಿಲ್ಲುವುದು ಎರಡು ಮೂರು ವಾರ ಮಾತ್ರ. ಜೋರಾದ ಮಳೆ ಹಿಡಿದ ಮೇಲೆ ಹೂಗಳು ಒಂದೊಂದಾಗಿ ಉದುರಿ, ಬೇರುಗಳೆಲ್ಲ ಹಸಿರಾಗುತ್ತವೆ.